ಸೇನೆಯ ಟ್ರೇಲರ್, ಗುಡ್ಡದ ಮಣ್ಣು

ಸೇನೆ ಬೇಡವೆಂದು ವಿಲೇವಾರಿ ಮಾಡಿದ ಹಳೆಯ ಟ್ರೇಲರನ್ನು ಹರಾಜಿನಲ್ಲಿ ಕೊಳ್ಳುವುದು, ತುಕ್ಕು ಉಜ್ಜಿ ಬಣ್ಣ ಬಳಿಯುವುದು, ಮೇಲೊಂದು ಮಡಚುವ ಡೇರೆ, ಹಿಂಬದಿಗೆ ಅಡುಗೆ ಕಟ್ಟೆ, ಪಕ್ಕಕ್ಕೆ ನೀರಿನ ತೊಟ್ಟಿ ಕೂರಿಸಿ ಜೀಪಿಗೆ ಕಟ್ಟಿಕೊಂಡು ರಸ್ತೆಯಿಲ್ಲದ ಜಾಗದಲ್ಲಿ ರಾತ್ರಿ ಕಳೆಯುವುದು: ಅಮೆರಿಕದಲ್ಲಿ ಇದು ಬಹುಕಾಲದಿಂದ ಬೇರೂರಿರುವ ಹವ್ಯಾಸ. ಈಗ ಇಲ್ಲಿಯೂ ಅದಕ್ಕೆ ಮನಸೋತವರಿದ್ದಾರೆ. ಅವರು ಮುಂದಿಡುವ ಸಮರ್ಥನೆ ಕೇಳಲು ಸೊಗಸಾಗಿದೆ. ಗುಜರಿಗೆ ಹೋಗಬೇಕಾದ ವಸ್ತುವಿಗೆ ಮರುಜನ್ಮ ಕೊಟ್ಟಿದ್ದೇವೆ, ಗುಡ್ಡ ಕಡಿದು ರೆಸಾರ್ಟ್ ಕಟ್ಟಿಲ್ಲ, ಆದ್ದರಿಂದ ಇದು ಪರಿಸರಸ್ನೇಹಿ ಎನ್ನುತ್ತಾರೆ.

ಈ ವಾದದ ಮೊದಲರ್ಧ ನಿಜ. ದಪ್ಪ ಉಕ್ಕಿನ ತೊಟ್ಟಿ, ಪಟ್ಟಿ ಸ್ಪ್ರಿಂಗು, ಗ್ರೀಸು ತುಂಬಿ ಬೇರಿಂಗು ಬದಲಿಸಿದರೆ ಇನ್ನೂ ಕೆಲವು ದಶಕ ಉರುಳಬಲ್ಲ ಗಾಲಿ. ಇಂಥದನ್ನು ಕರಗಿಸಿ ಹೊಸದನ್ನು ಎರಕ ಹೊಯ್ಯುವುದಕ್ಕಿಂತ ದುರಸ್ತಿ ಮಾಡುವುದು ಮೇಲು. ಮಲೆನಾಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಡಿಸ್ಪೋಸಲ್ ಜೀಪನ್ನು ತಂದೆಯಿಂದ ಮಗನವರೆಗೆ ಓಡಿಸಿದ ನಾಡು ಇದು. ಆದರೆ ವಾದದ ಉತ್ತರಾರ್ಧ ಈ ಪೂರ್ವಾರ್ಧದಿಂದ ಹುಟ್ಟುವುದಿಲ್ಲ. ಉಕ್ಕನ್ನು ಉಳಿಸಿದ ಪುಣ್ಯ ಗುಜರಿ ಅಂಗಡಿಯ ಲೆಕ್ಕದಲ್ಲಿ ಜಮೆಯಾಗುತ್ತದೆ. ಮಣ್ಣಿನ ಲೆಕ್ಕ ಬೇರೆಯೇ ಇದೆ. ಅದು ಗಾಲಿ ಹುಲ್ಲನ್ನು ಮುಟ್ಟಿದ ಕ್ಷಣದಿಂದ ಆರಂಭವಾಗುತ್ತದೆ.

ಆ ಗಾಡಿ ಯಾತಕ್ಕಾಗಿ ಹುಟ್ಟಿತೆಂಬುದನ್ನು ಮೊದಲು ನೋಡಬೇಕು. ಎರಡನೆಯ ಮಹಾಯುದ್ಧದ ಹೊತ್ತಿಗೆ ಜೀಪಿನ ಮೊದಲ ಮಾದರಿಯನ್ನು ರೂಪಿಸಿದ್ದು ಅಮೆರಿಕದ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಬೇಡಿಕೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು; ಬ್ಯಾಂಟಮ್‌ಗೆ ಸಿಕ್ಕಿದ್ದು ಜೀಪಿನ ಹಿಂದೆ ಎಳೆಯುವ ಕಾಲು ಟನ್ನಿನ ಟ್ರೇಲರ್. ಹೊಳೆ ದಾಟುವಾಗ ತೇಲಲೆಂದು ಅದರ ತೊಟ್ಟಿಯನ್ನು ನೀರು ನುಗ್ಗದಂತೆ ಬೆಸೆದಿದ್ದರು. ಯುದ್ಧಾನಂತರ ಅದೇ ವಂಶದಲ್ಲಿ ಎಂ-100, ಎಂ-416 ಮಾದರಿಗಳು ಬಂದವು. ಹವ್ಯಾಸಿಗಳು ಇಂದಿಗೂ ಹುಡುಕುವುದು ಇವನ್ನೇ. ದಾರಿಯಿಲ್ಲದಲ್ಲಿ ಮದ್ದುಗುಂಡು ಸಾಗಿಸುವುದು ಇದರ ಧರ್ಮ. ದಾಟಿದ ನೆಲ ಮುಂದೆ ಏನಾದೀತೆಂದು ಯೋಚಿಸುವುದು ಯುದ್ಧದ ಕೆಲಸವಲ್ಲ, ಆ ಗಾಡಿಯ ವಿನ್ಯಾಸಕಾರನ ಕೆಲಸವೂ ಆಗಿರಲಿಲ್ಲ.

ನೆಲ ಏನಾಯಿತೆಂಬುದಕ್ಕೆ ಸಾಕ್ಷಿಯೂ ಅಲ್ಲಿಯೇ ಇದೆ. 1942ರಲ್ಲಿ ಜನರಲ್ ಪ್ಯಾಟನ್ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ತೆರೆದ ಸೇನಾ ತರಬೇತಿ ಕೇಂದ್ರ 1944ರಲ್ಲಿ ಮುಚ್ಚಿತು. ಎಂಟು ದಶಕ ಕಳೆದ ಮೇಲೂ ಅಲ್ಲಿ ಟ್ಯಾಂಕುಗಳ ಜಾಡು ಬರಿಗಣ್ಣಿಗೆ ಕಾಣುತ್ತದೆ. ಅಮೆರಿಕದ ಸರ್ಕಾರಕ್ಕೆ ಈ ಪಾಠ ತಡವಾಗಿಯಾದರೂ ಅರ್ಥವಾಯಿತು. ಸಾರ್ವಜನಿಕ ಭೂಮಿಯಲ್ಲಿ ರಸ್ತೆ ಬಿಟ್ಟು ಓಡುವ ವಾಹನಗಳನ್ನು ನಿಯಂತ್ರಿಸಲು 1972ರಲ್ಲಿ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಿದರು. 1977ರಲ್ಲಿ ಕಾರ್ಟರ್ ಅದನ್ನು ಬಿಗಿಗೊಳಿಸಿದರು. ಹವ್ಯಾಸವನ್ನು ಆಮದು ಮಾಡಿಕೊಂಡವರು ಅದರ ಕಡಿವಾಣವನ್ನು ಹಡಗಿನಲ್ಲೇ ಬಿಟ್ಟುಬಂದಂತಿದೆ.

ತೂಕದ ಮಾತಿಗೆ ಬರೋಣ. ಕಾಲು ಟನ್ ಎಂದರೆ 500 ಪೌಂಡ್, ಅಂದರೆ 227 ಕಿಲೋ. ಏರಿಳಿತದ ನೆಲದಲ್ಲಿ ಆ ಟ್ರೇಲರ್ ಹೊರಬೇಕಾದ ಭಾರ ಇಷ್ಟೇ. 80 ಲೀಟರ್ ನೀರು ತುಂಬಿದರೆ 80 ಕಿಲೋ ಹೋಯಿತು. ಮಡಚುವ ಡೇರೆ 50 ಕಿಲೋಗೆ ಕಡಿಮೆಯಿರುವುದು ಅಪರೂಪ. ಒಂದು ದೊಡ್ಡ ಬ್ಯಾಟರಿ, ತುಂಬಿದ ಒಂದು ಅಡುಗೆ ಅನಿಲದ ಸಿಲಿಂಡರ್ ಸೇರಿದರೆ ಇನ್ನೊಂದು 55 ಕಿಲೋ. ಅಕ್ಕಿ, ಪಾತ್ರೆ, ಹಾಸಿಗೆ, ಡೇರೆ ಕೂರಿಸುವ ಕಬ್ಬಿಣದ ಚೌಕಟ್ಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಟ್ರೇಲರಿನ ಸ್ವಂತ ತೂಕ ಸುಮಾರು 260 ಕಿಲೋ. ಹೀಗೆ ಸರಿಸುಮಾರು ಅರ್ಧ ಟನ್ ಭಾರ ಜೀಪಿನ ಹಿಂದೆ ಗುಡ್ಡ ಹತ್ತುತ್ತದೆ. 15 ಡಿಗ್ರಿ ಇಳಿಜಾರಿನಲ್ಲಿ ಅದನ್ನು ಮೇಲಕ್ಕೆ ಎಳೆಯಲಿಕ್ಕೇ 125 ಕಿಲೋದಷ್ಟು ಹೆಚ್ಚುವರಿ ಬಲ ಬೇಕು. ಕೆಸರಿನ ತಡೆ ಬೇರೆ.

ಆ ಬಲ ಎಲ್ಲಿಂದ ಬರಬೇಕು? ಜೀಪಿನ ಚಕ್ರ ನೆಲವನ್ನು ಹಿಂದಕ್ಕೆ ತಳ್ಳುವುದರಿಂದ. ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದ ಯಾವ ರೈತನಿಗಾದರೂ ಇದು ಗೊತ್ತು. ಹಿಂದಿನ ಎಳೆತ ಹೆಚ್ಚಿದಷ್ಟೂ ಚಕ್ರ ಜಾರುತ್ತದೆ, ಜಾರಿದ ಚಕ್ರ ನೆಲವನ್ನು ಕೆರೆಯುತ್ತದೆ. ಉಬ್ಬು ಹಲ್ಲಿನ ಟೈರು ಹಸಿ ಹುಲ್ಲಿನ ಮೇಲೆ ಒಮ್ಮೆ ಗಿರ್ರನೆ ತಿರುಗಿದರೆ ಬೇರುಸಹಿತ ಹುಲ್ಲಿನ ಹೊದಿಕೆ ಕಿತ್ತುಬರುತ್ತದೆ. ಟ್ರೇಲರಿನ ಸ್ವಂತ ಗಾಲಿಗಳು ಅದೇ ಜಾಡಿನಲ್ಲಿ ಹಿಂಬಾಲಿಸಿ ತೆರೆದ ಮಣ್ಣನ್ನು ಇನ್ನೊಮ್ಮೆ ಒತ್ತುತ್ತವೆ. ಅಗಲ ಟೈರಿಗೆ ಗಾಳಿ ಕಡಿಮೆ ಮಾಡಿದರೆ ಹಾನಿಯಿಲ್ಲವೆಂಬ ಮಾತಿದೆ. ಮೇಲ್ಮಣ್ಣಿನ ಮಟ್ಟಿಗೆ ಅದು ಅರ್ಧ ಸತ್ಯ. ಮೇಲ್ಪದರದ ಒತ್ತಡ ತಗ್ಗುತ್ತದೆ. ಆದರೆ ಆಳದ ಮಣ್ಣು ಎಷ್ಟು ಬಿಗಿಯುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಚ್ಚಿನ ಮೇಲಿನ ಒಟ್ಟು ತೂಕ. "ಒಂದೇ ಸಲ ಹೋಗಿಬರುತ್ತೇವೆ" ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಮಣ್ಣು ಬಿಗಿಯುವ ಪ್ರಕ್ರಿಯೆಯಲ್ಲಿ ಹಾನಿಯ ಬಹುಪಾಲು ಆಗುವುದು ಮೊದಲ ಓಡಾಟದಲ್ಲೇ. ಒದ್ದೆಯಾಗಿದ್ದಾಗಲಂತೂ ಮಣ್ಣಿನ ಕಣಗಳ ನಡುವಿನ ರಂಧ್ರಗಳು ಅತಿ ಸುಲಭವಾಗಿ ಕುಸಿಯುತ್ತವೆ. ಮಳೆಗಾಲವೇ ಈ ಹವ್ಯಾಸಿಗಳಿಗೆ ಪ್ರಿಯವಾದ ಕಾಲ ಎಂಬುದು ವಿಪರ್ಯಾಸ.

ಮರುಭೂಮಿಯ ಉದಾಹರಣೆ ಮಲೆನಾಡಿಗೆ ಅನ್ವಯಿಸದು, ಇಲ್ಲಿ ಮೊದಲ ಮಳೆಗೇ ಹುಲ್ಲು ಚಿಗುರುತ್ತದೆ ಎಂದು ಆಕ್ಷೇಪಿಸಬಹುದು. ಚಿಗುರುತ್ತದೆ ನಿಜ. ಆದರೆ ಹಸಿರು ಮರಳುವುದು ಬೇರೆ, ಮಣ್ಣು ಮರಳುವುದು ಬೇರೆ. ಮರುಭೂಮಿಯಲ್ಲಿ ಜಾಡು ಇದ್ದಲ್ಲೇ ಉಳಿಯಿತು; ಇಲ್ಲಿ ಜಾಡು ಕಾಲುವೆಯಾಗುತ್ತದೆ. ದನಗಳೂ ತುಳಿಯುವುದಿಲ್ಲವೇ ಎಂದು ಕೇಳುವವರು ಗುಡ್ಡದ ದನದ ಹಾದಿಯನ್ನು ಒಮ್ಮೆ ದಿಟ್ಟಿಸಬೇಕು. ದನ ಗುಡ್ಡವನ್ನು ಅಡ್ಡಡ್ಡಲಾಗಿ, ಸುತ್ತಿ ಬಳಸಿ ಹತ್ತುತ್ತದೆ. ವಾಹನ ಹಾಗೆ ಹೋದರೆ ಮಗುಚುತ್ತದೆ. ಹಿಂದೆ ಟ್ರೇಲರಿದ್ದರೆ ಇನ್ನೂ ಬೇಗ. ಆದ್ದರಿಂದ ಅದು ನೇರವಾಗಿ, ನೀರು ಇಳಿಯುವ ದಿಕ್ಕಿನಲ್ಲೇ ಏರಬೇಕು. ಹಾಗಾಗಿ ಜೀಪಿನ ಪ್ರತಿಯೊಂದು ಜಾಡೂ ಮಳೆನೀರಿಗೆ ಸಿದ್ಧಪಡಿಸಿದ ತೋಡು.

ಒಂದು ಕಿಲೋಮೀಟರ್ ಏರಿನಲ್ಲಿ ಎರಡು ಜಾಡುಗಳು, ತಲಾ 20 ಸೆಂಟಿಮೀಟರ್ ಅಗಲವೆಂದರೆ 400 ಚದರ ಮೀಟರ್ ಬಿಗಿದ ನೆಲ. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ (ಘಟ್ಟದ ಅಂಚಿನ ಆಷಾಢದಲ್ಲಿ ಇದು ವಿಶೇಷವೇನಲ್ಲ) ಆ ಜಾಡಿನ ಮೇಲೆ ಬಿದ್ದ ನೀರೇ 40,000 ಲೀಟರ್. ಇಂಗುವ ದಾರಿ ಮುಚ್ಚಿರುವುದರಿಂದ ಅದರ ಬಹುಭಾಗ ಹರಿಯುತ್ತದೆ, ಇಕ್ಕೆಲದ ಇಳಿಜಾರಿನ ನೀರನ್ನೂ ಎಳೆದುಕೊಳ್ಳುತ್ತದೆ. ಒಂದೆರಡು ಮಳೆಗಾಲದಲ್ಲಿ ತೆಳು ಮೇಲ್ಮಣ್ಣು ಹೋಗಿ ಕೆಳಗಿನ ಜಂಬಿಟ್ಟಿಗೆ ಹಲ್ಲು ಕಿರಿಯುತ್ತದೆ. ಆ ಜಾಡು ಓಡಲು ಕಷ್ಟವಾದಾಗ ಚಾಲಕ ಪಕ್ಕದಲ್ಲಿ ಹೊಸ ಜಾಡು ಹಿಡಿಯುತ್ತಾನೆ. ಹೊರನಾಡಿನ ಬಳಿಯ ಕ್ಯಾತನಮಕ್ಕಿಯ ಏರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಹುಲ್ಲುಗಾವಲು ಬರಿಯ ಬಯಲಲ್ಲ. ತುಂಗೆ, ಭದ್ರೆ, ನೇತ್ರಾವತಿಯರು ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುತ್ತಾರೆ. ಅಲ್ಲಿನ ಕಣಿವೆಯ ಶೋಲಾ ಕಾಡು ಮತ್ತು ನೆತ್ತಿಯ ಹುಲ್ಲು ಒಟ್ಟಾಗಿ ಮಳೆನೀರನ್ನು ಹಿಡಿದು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ, ಕೆಳಗಿನ ತೋಟಕ್ಕೆ ನೀರಾಗುತ್ತದೆ.

ಕಳೆಯ ಮಾತೂ ಒಂದಿದೆ. ಟೈರಿನ ಸಂದಿಯ ಕೆಸರಿನಲ್ಲಿ ಬಯಲುಸೀಮೆಯ ಬೀಜಗಳು ಟಿಕೆಟಿಲ್ಲದೆ ಪ್ರಯಾಣ ಮಾಡುತ್ತವೆ. ರಸ್ತೆಯಂಚಿನಲ್ಲಿರುವ ಕಾಂಗ್ರೆಸ್ ಹುಲ್ಲು, ಕಮ್ಯುನಿಸ್ಟ್ ಗಿಡ ಎರಡೂ ಒಂದೇ ವಾಹನದಲ್ಲಿ ಗುಡ್ಡದ ನೆತ್ತಿ ಸೇರುವುದನ್ನು ಅಲ್ಲಿ ಮಾತ್ರ ಕಾಣಬಹುದು.

ಗಣಿ, ಅಣೆಕಟ್ಟು, ಚತುಷ್ಪಥ ಹೆದ್ದಾರಿಗಳ ಮುಂದೆ ನಾಲ್ಕು ಜನರ ಟ್ರೇಲರ್ ಎಷ್ಟರದು ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕುದುರೆಮುಖದ ಗಣಿ ನಿಲ್ಲಲು ಸುಪ್ರೀಂ ಕೋರ್ಟಿನ ಆದೇಶವೇ ಬೇಕಾಯಿತು. 2005ರ ಕೊನೆಯವರೆಗೂ ಅದು ನಡೆಯಿತು. ಆದರೆ ಗಣಿಗೆ ಒಬ್ಬ ಮಾಲೀಕನಿದ್ದ, ಅವನ ಮೇಲೆ ಮೊಕದ್ದಮೆ ಹೂಡಬಹುದಿತ್ತು. ವಾರಾಂತ್ಯದ ಸಾವಿರ ಗಾಲಿಗಳಿಗೆ ಮಾಲೀಕನಿಲ್ಲ, ಪ್ರತಿಯೊಬ್ಬನೂ ತನ್ನದೊಂದೇ ಎನ್ನುತ್ತಾನೆ. ಜೀಪು ಓಡಿಸಿ ಬದುಕುವ ಸ್ಥಳೀಯ ಯುವಕರ ಅನ್ನದ ಪ್ರಶ್ನೆ ಬೇರೆ. ಅದಕ್ಕೆ ಒಂದೇ ನಿಗದಿತ ದಾರಿ, ಮಳೆಗಾಲದ ಬಿಡುವು, ಅದಕ್ಕೊಂದು ಪರಿಹಾರ ಎಂಬಂಥ ಉತ್ತರ ಹುಡುಕಬೇಕು. ಆ ಬಡ ಚಾಲಕನ ಹೆಸರು ಹೇಳಿ ನಗರದ ಹವ್ಯಾಸಿ ತನ್ನ ಟ್ರೇಲರಿಗೆ ದಾರಿ ಮಾಡಿಕೊಳ್ಳುವುದು ಸಲ್ಲದು.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿತು. ಟ್ರೇಲರಿಗೂ ನೋಂದಣಿ ಬೇಕು. ಮೀಸಲು ಅರಣ್ಯಕ್ಕೆ ಅಕ್ರಮ ಪ್ರವೇಶವನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆ, ಅಭಯಾರಣ್ಯ ಪ್ರವೇಶವನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತವೆ. ತೊಡಕಿರುವುದು ಇವೆರಡರ ನಡುವಿನ ನೆಲದಲ್ಲಿ. ಎಷ್ಟೋ ಹುಲ್ಲುಗುಡ್ಡಗಳು ಕಂದಾಯ ದಾಖಲೆಯಲ್ಲಿ ಗೋಮಾಳ ಅಥವಾ ಸರ್ಕಾರಿ ಪಡ. ಅಲ್ಲಿ ಅರಣ್ಯ ರಕ್ಷಕನಿಗೆ ಅಧಿಕಾರವಿಲ್ಲ, ಗ್ರಾಮ ಲೆಕ್ಕಿಗನಿಗೆ ವ್ಯವಧಾನವಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ಡೀಮ್ಡ್ ಅರಣ್ಯದ ವ್ಯಾಪ್ತಿಯನ್ನು 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದ ಮೇಲೆ ಈ ಯಾರದೂ ಅಲ್ಲದ ನೆಲ ಇನ್ನಷ್ಟು ಹಿಗ್ಗಿದೆ.

ಟ್ರೇಲರ್ ಕಟ್ಟಿಕೊಂಡವರು ಅದನ್ನು ಮತ್ತೆ ಗುಜರಿಗೆ ಹಾಕಬೇಕಿಲ್ಲ. ನೋಂದಾಯಿಸಿ ಡಾಂಬರು ರಸ್ತೆಯಲ್ಲಿ ಬರಲಿ, ರೈತನ ಅನುಮತಿ ಪಡೆದು ಅವನ ಕಣದಲ್ಲೋ ತೋಟದ ಅಂಗಳದಲ್ಲೋ ಡೇರೆ ಬಿಚ್ಚಲಿ, ಬಾಡಿಗೆ ಕೊಡಲಿ, ನೆತ್ತಿಗೆ ಕಾಲ್ನಡಿಗೆಯಲ್ಲಿ ಹತ್ತಲಿ. ಚಿಕ್ಕಮಗಳೂರು, ಹಾಸನ, ಕೊಡಗು, ಶಿವಮೊಗ್ಗ ಜಿಲ್ಲಾಧಿಕಾರಿಗಳು ಕಂದಾಯ ಭೂಮಿಯ ಹುಲ್ಲುಗುಡ್ಡಗಳನ್ನು ಗುರುತಿಸಿ, ಅಲ್ಲಿ ನಿಗದಿತ ದಾರಿಯಾಚೆ ಮೋಟಾರು ವಾಹನ ನಿಷೇಧಿಸುವ ಆದೇಶ ಹೊರಡಿಸಬೇಕು. ಗುಡ್ಡದ ಬುಡದಲ್ಲಿ ಅಗಳು ತೋಡಿ, ಎರಡು ಕಲ್ಲುಕಂಬ ನೆಟ್ಟು ಸರಪಳಿ ಹಾಕುವ ಖರ್ಚನ್ನು ಯಾವ ಗ್ರಾಮ ಪಂಚಾಯಿತಿಯೂ ಭರಿಸಬಲ್ಲದು. ಅದು ಮೇ ತಿಂಗಳೊಳಗೆ ಆಗಬೇಕು. ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ.