ಗಿರಣಿಯ ಪಾಳಿ, ಕಂಪ್ಯೂಟರಿನ ಪಾಳಿ

ಮಕ್ಕಳೇ, ಸೊಲ್ಲಾಪುರ ರಸ್ತೆಯ ಕಡೆ ಜೋಳ ಬೀಸಿಸಲು ಗಿರಣಿಗೆ ಹೋದರೆ ಡಬ್ಬಿ ಇಟ್ಟು ಪಾಳಿ ಕಾಯಬೇಕಲ್ಲವೇ? ಪಾಳಿ ಬಂದವರೇ ನಿದ್ದೆ ಹೋಗಿದ್ದರೆ ಹಿಂದಿನವರೆಲ್ಲ ಸುಮ್ಮನೆ ನಿಲ್ಲಬೇಕು. ಕಂಪ್ಯೂಟರಿನೊಳಗೂ ಹೀಗೇ ಆಗುತ್ತಿತ್ತು.

ಈಗ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಹತ್ತಾರು ‘ಬಾಡಿಗೆ’ ಕಂಪ್ಯೂಟರುಗಳು ಇರುತ್ತವೆ, ಒಂದೇ ವಾಡೆಯಲ್ಲಿ ಹಲವು ಮನೆತನಗಳಿದ್ದಂತೆ. ವಾಡೆಯ ಯಜಮಾನನೇ ಹೈಪರ್‌ವೈಸರ್. ಒಬ್ಬರ ಕೋಣೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಏನಾದರೂ ಬೇಕಾದರೆ ಯಜಮಾನನಿಗೆ ಕಿಂಡಿಯಲ್ಲಿ ಚೀಟಿ ಕೊಡಬೇಕು. ಆ ಚೀಟಿಯೇ ಹೈಪರ್‌ಕಾಲ್. ಅದರ ಮೇಲೆ ಕೆಲಸದ ಸಂಖ್ಯೆ ಇರುತ್ತದೆ.

ಒಂದೇ ಕೋಣೆಯ ಕೆಲಸಗಾರರು ಒಂದು ಬೀಗಕ್ಕಾಗಿ ಪಾಳಿ ಹಚ್ಚುತ್ತಾರೆ. ಯಾರ ಪಾಳಿಯೋ ಅವರನ್ನೇ ಯಜಮಾನ ಮಲಗಿಸಿಬಿಟ್ಟಿರುತ್ತಾನೆ. ಉಳಿದವರು ‘ನನ್ನ ಪಾಳಿ ಬಂತೇ?’ ಎಂದು ಕೇಳುತ್ತಲೇ ಸಮಯ ಕಳೆಯುತ್ತಾರೆ. ಎಂಜಿನಿಯರುಗಳು ಇದಕ್ಕೆ ದಾರಿ ಹುಡುಕಿದರು. ಸ್ವಲ್ಪ ಹೊತ್ತು ಕಾದು ಮಲಗಿಬಿಡು; ಕೆಲಸ ಮುಗಿಸಿದವನು ‘ಇಂಥವನನ್ನು ಎಬ್ಬಿಸು’ ಎಂದು 5ನೇ ಸಂಖ್ಯೆಯ ಚೀಟಿ ಕೊಡಲಿ. ಲಿನಕ್ಸ್‌ನ ಕೆವಿಎಂ ಎಂಬ ಹೈಪರ್‌ವೈಸರ್‌ಗೆ ಈ ಚೀಟಿ ಸೇರಿದ್ದು 2013ರಲ್ಲಿ, ಲಿನಕ್ಸ್ 3.12ರ ಜೊತೆ. ಅಷ್ಟರೊಳಗೆ ಅದನ್ನು ಹತ್ತಕ್ಕೂ ಹೆಚ್ಚು ಸಲ ತಿದ್ದಿ, ಎಲ್ಲರ ಮುಂದೆ ಇಟ್ಟಿದ್ದರು.

ಒಂದು ಚೀಟಿಗೆ ಇಷ್ಟೇಕೆ ಪರೀಕ್ಷೆ? ಪರಿಶೀಲಿಸುವವರು ಕೇಳುವ ಪ್ರಶ್ನೆಗಳನ್ನು ನೋಡಿ.

ಈ ಚೀಟಿ ಇಲ್ಲದೆ ನಡೆಯದೇ? ಬಾಡಿಗೆಯವನು ಬೇಕೆಂದೇ ತಪ್ಪು ಬರೆದರೆ? ಪಕ್ಕದ ಕೋಣೆಯವರನ್ನು ಎಬ್ಬಿಸುವಂತಿರಬಾರದು. ಹಳೆಯ ಯಜಮಾನನಿಗೆ ಈ ಚೀಟಿ ಗೊತ್ತಿಲ್ಲದಿದ್ದರೆ? ಮೊದಲು ‘ನಿನಗೆ ಇದು ಗೊತ್ತೇ?’ ಎಂದು ಕೇಳಬೇಕು; ಗೊತ್ತಿಲ್ಲದ ಸಂಖ್ಯೆ ಬಂದರೆ ಅವನು ‘ಗೊತ್ತಿಲ್ಲ’ ಎಂದೇ ಹೇಳಬೇಕು. ನಾಳೆ ಇನ್ನೇನಾದರೂ ಬರೆಯಬೇಕಾದರೆ? ಅದಕ್ಕಾಗಿಯೇ 5ನೇ ಚೀಟಿಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಮಾತು, ಕೊಟ್ಟ ಸಂಖ್ಯೆಯನ್ನು ಬದಲಿಸುವಂತಿಲ್ಲ. ಕೆವಿಎಂನ 2ನೇ ಚೀಟಿಯ ಬಳಕೆ ಎಂದೋ ನಿಂತಿದೆ; ಆದರೂ ಆ ಸಂಖ್ಯೆಯನ್ನು ಬೇರೆ ಕೆಲಸಕ್ಕೆ ಕೊಟ್ಟಿಲ್ಲ. ಹಳೆಯ ಬಾಡಿಗೆಯವನು ಅದೇ ಚೀಟಿ ತಂದರೆ ಬೇರೇನೋ ಆಗಬಾರದಲ್ಲ! ಕಿಂಡಿಯಲ್ಲಿ ಒಂದು ತಪ್ಪು ಉಳಿದರೂ ಒಂದು ಕೋಣೆಯವರು ಇನ್ನೊಂದಕ್ಕೆ ಇಣುಕಬಹುದು. ಅಜ್ಜನ ಬ್ಯಾಂಕಿನ ಲೆಕ್ಕ, ನಿಮ್ಮ ಅಂಕಪಟ್ಟಿ ಇಂಥ ಕೋಣೆಗಳಲ್ಲೇ ಇರಬಹುದು. ಮಾತು ಕೊಡುವ ಮೊದಲು ಹತ್ತು ಸಲ ಯೋಚಿಸು ಎಂದು ಹಿರಿಯರು ಹೇಳುವುದು ಇಲ್ಲಿಗೂ ಒಪ್ಪುತ್ತದೆ.

ಈ ವಾರದ ಕೆಲಸ: ಅಜ್ಜಿಯನ್ನು ಯಜಮಾನಿ ಮಾಡಿ. 1 ಎಂದರೆ ನೀರು, 2 ಎಂದರೆ ಶೇಂಗಾ ಚಿಕ್ಕಿ, ಹೀಗೆ ಐದು ಚೀಟಿ ಬರೆಯಿರಿ. ವಾರವಿಡೀ ಅರ್ಥ ಬದಲಿಸಬೇಡಿ. ಯಾವ ಚೀಟಿ ಬೇಡವಾಗಿತ್ತು ಎಂದು ಕೊನೆಗೆ ಅಜ್ಜಿಯೇ ಹೇಳಲಿ.