ನಾಲಗೆಯ ಬಣ್ಣ, ಸೀಸೆಯ ಭರವಸೆ

ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಮುಂಬಯಿಯ ರೈಲು ನಿಲ್ದಾಣಗಳ ಹೊರಗೆ ಬುಟ್ಟಿ ಬುಟ್ಟಿ ನೇರಳೆ ಬಂದು ಕೂರುತ್ತದೆ. ಅಂಗಡಿಯವಳ ಬಳಿ ಜಾಂಭೂಳ್ ಎಂದು ಕೇಳಿ ಕೊಳ್ಳುವ ನಾವು, ಮನೆಗೆ ತಂದ ಮೇಲೆ ಅದನ್ನು ನೇರಳೆಯೆಂದೇ ತಿನ್ನುತ್ತೇವೆ. ನಾಲಗೆ ನೀಲಿಯಾದರೆ ಊರಿನ ಬಾಲ್ಯ ಮರಳಿತೆಂದು ಹಿಗ್ಗುತ್ತೇವೆ. ಆ ಬಣ್ಣಕ್ಕೆ ವಿಜ್ಞಾನ ಕೊಟ್ಟ ಹೆಸರು ಆಂಥೋಸಯನಿನ್. ಈಚೆಗೆ ಅದೇ ಬಣ್ಣ ‘ಬೆರ್ರಿ ಸಾರ’ವಾಗಿ ಸೀಸೆ ಸೇರಿ, ಕೀಲುನೋವಿನಿಂದ ಹೃದ್ರೋಗದವರೆಗೆ ಎಲ್ಲ ಉರಿಯೂತಕ್ಕೂ ಮದ್ದೆಂಬ ಮಾತಿನೊಡನೆ ನಮ್ಮ ಮನೆಗಳಿಗೆ ಬರುತ್ತಿದೆ. ಈ ಮಾತನ್ನು ನಾವು ಹಗುರವಾಗಿ ಕಾಣಲಾರೆವು. ನಮ್ಮ ಬಳಗದ ಹಿರಿಯರೊಬ್ಬರು ಅದನ್ನು ನಂಬಿ ಬೆಲೆ ತೆತ್ತಿದ್ದಾರೆ.

ಅವರಿಗಿರುವುದು ರುಮಟಾಯ್ಡ್ ಸಂಧಿವಾತ. ‘ರಾಸಾಯನಿಕ ಸಾಕು, ಇನ್ನು ನೈಸರ್ಗಿಕವಾದುದೇ ಇರಲಿ’ ಎಂದು ವೈದ್ಯರ ಮಾತ್ರೆಗಳನ್ನು ಬಿಟ್ಟು ಸೀಸೆಯನ್ನು ನೆಚ್ಚಿದರು. ಆ ಕಾಯಿಲೆಯಲ್ಲಿ ಒಮ್ಮೆ ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ನಮ್ಮ ಸಭೆಗಳ ವರದಿಯನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆದಿಡುತ್ತಿದ್ದ ಬೆರಳುಗಳು ಇಂದು ಲೇಖನಿ ಹಿಡಿಯಲು ಹೆಣಗುತ್ತವೆ. ಆ ಸೀಸೆಯ ಗುಣಗಾನವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದವರಲ್ಲಿ ನಾವೂ ಇದ್ದೆವೆಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ.

ಹಣ್ಣಿನ ಗುಣವೇ ಸುಳ್ಳೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಗಾಯವಾದಾಗ, ಸೋಂಕು ತಗಲಿದಾಗ ದೇಹ ತನ್ನನ್ನು ಕಾಯ್ದುಕೊಳ್ಳುವ ಬಗೆಯೇ ಉರಿಯೂತ. ಕೆಲಸ ಮುಗಿದ ಮೇಲೂ ಅದು ಆರದೆ ಹೊಗೆಯಾಡುತ್ತಿದ್ದರೆ ಕೀಲು, ರಕ್ತನಾಳಗಳು ಹಾಳಾಗುತ್ತವೆ. ಪ್ರಯೋಗಶಾಲೆಯಲ್ಲಿ ಜೀವಕೋಶಗಳ ಮೇಲೆ ಆಂಥೋಸಯನಿನ್ ಹಾಕಿದಾಗ ಉರಿಯೂತದ ಸಂಕೇತಗಳು ತಗ್ಗುವುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ವಿದೇಶದಿಂದ ಬರುವ ಬ್ಲೂಬೆರ್ರಿಯಲ್ಲಿರುವ ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಎಂಬ ವರ್ಣದ್ರವ್ಯಗಳು ನಮ್ಮ ನೇರಳೆಯಲ್ಲೂ ಇವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನೇರಳೆಯೂ ಬೆರ್ರಿಯೇ. ಸ್ಟ್ರಾಬೆರ್ರಿಗೆ ಆ ಪಟ್ಟವಿಲ್ಲ.

ಆದರೆ ಗಾಜಿನ ತಟ್ಟೆಗೂ ಮನುಷ್ಯನ ಮೈಗೂ ನಡುವೆ ಬಲು ದೂರವಿದೆ. ನಾವು ತಿಂದ ಆಂಥೋಸಯನಿನ್‌ನಲ್ಲಿ ಹಾಗೆಯೇ ರಕ್ತ ಸೇರುವುದು ಅತ್ಯಲ್ಪ ಪಾಲು. ಉಳಿದುದರಲ್ಲಿ ಬಹುಭಾಗವನ್ನು ಕರುಳಿನ ಸೂಕ್ಷ್ಮಜೀವಿಗಳು ಒಡೆದು ಬೇರೆ ಬೇರೆ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಕೆಲವು ಉರಿಯೂತದ ಸೂಚಕಗಳು ತುಸು ಇಳಿದುದನ್ನು ತೋರಿಸಿದರೆ, ಕೆಲವು ಏನನ್ನೂ ತೋರಿಸಿಲ್ಲ. ಹಲವು ಪ್ರಯೋಗಗಳು ಚಿಕ್ಕವು, ಅಲ್ಪಾವಧಿಯವು. ಆಹಾರಗಳ ಉತ್ಕರ್ಷಣ ನಿರೋಧಕ ಬಲವನ್ನು ಅಂಕಿಗಳಲ್ಲಿ ಕೊಡುತ್ತಿದ್ದ ತನ್ನ ಕೋಷ್ಟಕವನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಪ್ರನಾಳದಲ್ಲಿ ಅಳೆದ ಅಂಕಿಯಿಂದ ದೇಹದ ಮೇಲಿನ ಪರಿಣಾಮವನ್ನು ಹೇಳಲಾಗದು, ಮಾರಾಟಗಾರರು ಅದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂಬುದೇ ಅದಕ್ಕೆ ಕಾರಣ.

‘ನೈಸರ್ಗಿಕ’ ಎಂಬ ಪದಕ್ಕೆ ನಾವು ಮರುಳಾಗುವ ಮುನ್ನ ಆಸ್ಪಿರಿನ್ನಿನ ಕಥೆಯನ್ನು ನೆನೆಯಬೇಕು. ಅದರ ಮೂಲ ವಿಲ್ಲೋ ಮರದ ತೊಗಟೆ. ಅದರ ಸಾರದ ಜಾಡು ಹಿಡಿದು ಹೋದ ರಸಾಯನಶಾಸ್ತ್ರಜ್ಞರು 1897ರಲ್ಲಿ ಶುದ್ಧ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದರು; ಅದು ನೋವು, ಊತಗಳನ್ನು ತಗ್ಗಿಸುವ ಬಗೆಯನ್ನು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟರು. ಗಿಡದ ಗುಣ ಔಷಧವಾದದ್ದು ಪ್ರಮಾಣ ಗೊತ್ತಾಗಿ, ಪರೀಕ್ಷೆ ನಡೆದು, ಅಪಾಯವೂ ತಿಳಿದ ಮೇಲೆ. ಸೀಸೆಯ ಮೇಲೆ ಹಣ್ಣಿನ ಚಿತ್ರ ಅಂಟಿಸಿದ ಮಾತ್ರಕ್ಕೆ ಈ ಮೂರೂ ನಡೆದಂತಾಗುವುದಿಲ್ಲ.

ಹಾಗೆಂದು ಹಣ್ಣನ್ನು ಬಿಡಬೇಕೆ? ಖಂಡಿತ ಬೇಡ. ನೇರಳೆ, ನೆಲ್ಲಿ, ಉತ್ತರ ಕನ್ನಡದವರು ಮುರುಗಲೆಂದೂ ಮಂಗಳೂರಿನವರು ಪುನರ್ಪುಳಿಯೆಂದೂ ಇಲ್ಲಿಯವರು ಕೋಕಂ ಎಂದೂ ಕರೆಯುವ ಆ ಕೆಂಪು ಹುಳಿ ಇವೆಲ್ಲ ನಮ್ಮ ಊಟದಲ್ಲಿ ಇರಬೇಕಾದವೇ. ನಾರು, ಜೀವಸತ್ವಗಳು, ರುಚಿ, ಊರಿನ ನೆನಪು ಇಷ್ಟೂ ಒಟ್ಟಿಗೆ ದೊರೆಯುವಾಗ, ಒಂದೇ ಅಂಶವನ್ನು ಹಿಂಡಿ ತೆಗೆದ ದುಬಾರಿ ಗುಳಿಗೆಗೆ ಕೈಚಾಚುವ ಅಗತ್ಯವಿಲ್ಲ. ಯಾರಾದರೂ ವೈದ್ಯರ ಮಾತ್ರೆಯ ಬದಲಿಗೆ ಇಂಥದ್ದನ್ನು ಕೊಡಬಂದರೆ, ಇದನ್ನು ಎಷ್ಟು ಜನರ ಮೇಲೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಪರೀಕ್ಷಿಸಿದ್ದಾರೆಂದು ಕೇಳೋಣ. ಕವಿತೆಯ ಒಂದು ಸಾಲಿನ ಪಾಠಾಂತರಕ್ಕೆ ಗಂಟೆಗಟ್ಟಲೆ ವಾದಿಸುವ ನಾವು ದೇಹಕ್ಕೆ ಸಂಬಂಧಿಸಿದ ಮಾತನ್ನು ಪ್ರಶ್ನಿಸದೆ ಒಪ್ಪಬಾರದು. ಹಿರಿಯರ ಮಾತ್ರೆಗಳು ಮತ್ತೆ ಶುರುವಾಗಿವೆ. ಈ ಮಳೆಗಾಲದಲ್ಲಿ ಅವರಿಗೆ ಒಂದು ಪೊಟ್ಟಣ ನೇರಳೆಯನ್ನೂ ಒಯ್ಯುತ್ತೇವೆ, ಹಣ್ಣಾಗಿ ಮಾತ್ರ.