ನೋಡುವ ಕಣ್ಣನ್ನು ಬೆಳೆಸಿದವರು

ಸಿನಿಮಾ ಎಂದೊಡನೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದ ಕಾಲವೊಂದಿತ್ತು. ಮಕ್ಕಳು ಎಲ್ಲಿ ದಾರಿ ತಪ್ಪುವರೋ ಎಂಬ ಅಂಜಿಕೆಯಿಂದ ನಾವು ಚಿತ್ರಮಂದಿರದ ಬಾಗಿಲನ್ನೇ ಅವರಿಗೆ ಮುಚ್ಚಿದೆವು. ಇಂದು ಆ ತೆರೆಯೇ ಅಂಗೈಯಗಲದ ಮೊಬೈಲಾಗಿ ನಮ್ಮ ಪಡಸಾಲೆಗೆ ಬಂದು ಕುಳಿತಿದೆ. ಬಾಗಿಲು ಮುಚ್ಚುವ ಉಪಾಯ ಇನ್ನು ನಡೆಯದು. ಉಳಿದಿರುವುದು ಒಂದೇ ದಾರಿ: ನೋಡುವುದನ್ನು ಕಲಿಸುವುದು. ಈ ದಾರಿಯಲ್ಲಿ ಬಾಳು ಸವೆಸಿದ ಇಬ್ಬರು ಹಿರಿಯರನ್ನು ಈ ತಿಂಗಳು ನೆನೆಯೋಣ.

ಪ್ರೊ. ಸತೀಶ್ ಬಹಾದೂರ್ ಅವರು ಆಗ್ರಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದವರು. ಪಾಠದ ಜೊತೆಗೆ ಒಂದು ಚಿತ್ರಸಮಾಜವನ್ನೂ ನಡೆಸುತ್ತಿದ್ದರು. 1963ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟನ್ನು ಸೇರಿ, ಚಿತ್ರ ರಸಗ್ರಹಣವನ್ನು ಬೋಧಿಸುವುದನ್ನೇ ತಮ್ಮ ಕಾಯಕವಾಗಿಸಿಕೊಂಡರು. ಕವಿತೆಯನ್ನು ಸಾಲು ಸಾಲಾಗಿ ಬಿಡಿಸಿ ಓದುವಂತೆ, ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸುತ್ತಿದ್ದರು. ಪುಣೆಯಲ್ಲಿಯೇ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಚಿತ್ರಗಳು ಇಂಥ ಪಾಠಗಳಿಗೆ ಒದಗಿಬಂದವು.

ಈ ವಿದ್ಯೆ ಪುಣೆಯಲ್ಲಿಯೇ ಉಳಿದಿದ್ದರೆ ಪಂಡಿತರ ಸೊತ್ತಾಗುತ್ತಿತ್ತು. ಅದನ್ನು ಮಲೆನಾಡಿನ ಹಳ್ಳಿಗೆ ಬರಮಾಡಿಕೊಂಡವರು ಸಾಗರ ತಾಲ್ಲೂಕು ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು. ಅಡಿಕೆ ತೋಟದ ಈ ಕೃಷಿಕರು ನೀನಾಸಮ್ ನಾಟಕ ಸಂಸ್ಥೆಯ ಆಶ್ರಯದಲ್ಲಿ 1973ರಲ್ಲಿ ಚಿತ್ರಸಮಾಜವೊಂದನ್ನು ಕಟ್ಟಿದರು. ನಾಟಕವಾಡುತ್ತಿದ್ದ ರಂಗಮಂದಿರದಲ್ಲಿಯೇ ತೆರೆ ಕಟ್ಟಿ, ಸತ್ಯಜಿತ್ ರಾಯ್, ಜಪಾನಿನ ಕುರೋಸಾವಾ ಮೊದಲಾದವರ ಚಿತ್ರಗಳನ್ನು ಊರವರಿಗೆ ತೋರಿಸಿದರು. ಬಹಾದೂರರನ್ನು ಕರೆಸಿ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಸಿನಿಮಾ ಕುರಿತ ಪುಸ್ತಕಗಳನ್ನು ಕನ್ನಡದಲ್ಲಿ ಹೊರತಂದರು. 1991ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

‘ತೋಟದ ಕೆಲಸ ಮುಗಿಸಿ ಬಂದವರಿಗೆ ಜಪಾನಿನ ಚಿತ್ರವೇ? ಹಳ್ಳಿಗರಿಗೆ ಇವೆಲ್ಲ ತಿಳಿದೀತೇ?’ ಎಂದು ಯಾರಾದರೂ ಕೇಳಬಹುದು. ಆದರೆ ಬಯಲಾಟವನ್ನು ರಾತ್ರಿಯಿಡೀ ಕುಳಿತು ನೋಡಿ, ಬೆಳಿಗ್ಗೆ ಪಾತ್ರಗಳ ಒಳಿತು ಕೆಡುಕುಗಳನ್ನು ತೂಗುವ ಜನ ನಮ್ಮವರು. ಅವರಿಗೆ ಕೊರತೆಯಾಗಿದ್ದುದು ಬುದ್ಧಿಯಲ್ಲ, ಅವಕಾಶ. ಒಳ್ಳೆಯದು ಪಟ್ಟಣದವರಿಗೆ, ಮಿಕ್ಕಿದ್ದು ಹಳ್ಳಿಗೆ ಎಂಬ ಲೆಕ್ಕಾಚಾರವನ್ನು ಸುಬ್ಬಣ್ಣನವರು ಒಪ್ಪಲಿಲ್ಲ. ಅವರ ಬದುಕಿನ ತಿರುಳು ಇದೇ ಎಂದು ನಾವು ತಿಳಿಯುತ್ತೇವೆ.

ಸುಬ್ಬಣ್ಣನವರು 2005ರಲ್ಲಿ, ಬಹಾದೂರರು 2010ರಲ್ಲಿ ನಮ್ಮನ್ನಗಲಿದರು. ಇಬ್ಬರೂ ತಾರೆಯರಾಗಿ ತೆರೆಯ ಮೇಲೆ ಮೆರೆದವರಲ್ಲ. ತೆರೆಯ ಮುಂದೆ ಕುಳಿತವರನ್ನು ಎಚ್ಚರಿಸಿದವರು.

ಓದುಗ ಬಂಧುಗಳೇ, ಅವರು ಊರಿಗೆ ಮಾಡಿದ್ದನ್ನು ನಾವು ನಮ್ಮ ಮನೆಯ ಮಟ್ಟಿಗಾದರೂ ಮಾಡಲಾರೆವೇ? ತಿಂಗಳಿಗೊಮ್ಮೆ ಒಳ್ಳೆಯ ಚಿತ್ರವೊಂದನ್ನು ಆರಿಸಿ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕೂಡಿ ನೋಡೋಣ. ಮುಗಿದೊಡನೆ ಎದ್ದು ಹೋಗದೆ, ‘ನಿನಗೆ ಏನು ಕಂಡಿತು, ಮಗೂ?’ ಎಂದು ಕೇಳೋಣ. ಮಗು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳೋಣ. ಕಂಡದ್ದನ್ನು ತೂಗಿ ನೋಡಲು ಕಲಿತ ಮಗುವಿಗೆ ಕಾವಲು ಬೇಕಿಲ್ಲ.